ಹೊಗೆ ಅಟ್ಟದಿಂದ ಇಳಿದ ಸ್ವಾಂಪ್ ಥಿಂಗ್: ಒಂದು ಹಳೆಯ ಕಾಮಿಕ್ಸ್ ರಿಪೇರಿಯ ದಿನಚರಿ

ಕೆಲಸ ಮುಗಿದು ಎರಡು ವಾರವಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಮನೆಯಲ್ಲಿ ಹಳೆಯ ಕಾಮಿಕ್ಸ್ ಇಟ್ಟುಕೊಂಡವರು ಯಾರಾದರೂ ಇದ್ದರೆ, ನಾನು ಹಾಳು ಮಾಡಿದ್ದನ್ನು ಮೊದಲು ಓದಿ. ಸರಿ ಮಾಡಿದ್ದು ಆಮೇಲೆ.

ಚಿಕ್ಕಪ್ಪ 1971ರಿಂದ 1975ರವರೆಗೆ ಅಮೆರಿಕದ ಮಿಶಿಗನ್‌ನಲ್ಲಿ ಓದುತ್ತಿದ್ದರು. ಅಲ್ಲಿ ಔಷಧಿ ಅಂಗಡಿಗಳಲ್ಲಿ ತಂತಿಯ ಸ್ಟ್ಯಾಂಡಿನಲ್ಲಿ ಕಾಮಿಕ್ಸ್ ಮಾರುತ್ತಿದ್ದರಂತೆ. ಒಂದಕ್ಕೆ 20 ಸೆಂಟ್. ಅವರು ಸೂಪರ್‌ಮ್ಯಾನ್ ಥರದ್ದನ್ನು ಕೊಳ್ಳಲಿಲ್ಲ. ಮನುಷ್ಯ ಬೇರೇನೋ ಆಗಿಬಿಡುವ ಕಥೆಗಳನ್ನೇ ಹುಡುಕಿ ಕೊಂಡರು. ಹುಣ್ಣಿಮೆಗೆ ತೋಳವಾಗುವವನು, ಸಿಟ್ಟು ಬಂದರೆ ಹಸಿರು ದೈತ್ಯನಾಗುವವನು, ಜವುಗಿನಲ್ಲಿ ಬಿದ್ದು ಬೇರು-ಪಾಚಿಯ ಮೈಯಾಗಿ ಎದ್ದು ಬರುವವನು. ಊರಿಗೆ ಬರುವಾಗ 11 ಪುಸ್ತಕ ತಂದು ತಗಡಿನ ಟ್ರಂಕಿನಲ್ಲಿಟ್ಟರು. ಟ್ರಂಕು ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರದ ನಮ್ಮ ಹಳೇ ಮನೆಯ ಅಡುಗೆಮನೆ ಅಟ್ಟಕ್ಕೆ ಹೋಯಿತು. ಕೆಳಗೆ ಸೌದೆ ಒಲೆ.

ಆಗಸ್ಟ್ 4, 2024. ಟ್ರಂಕು ಇಳಿಸಿದ ದಿನ

ಮನೆ ರಿಪೇರಿಗೆ ಅಟ್ಟ ಖಾಲಿ ಮಾಡಬೇಕಿತ್ತು. ಟ್ರಂಕಿನ ಮುಚ್ಚಳದ ಮೇಲೆ ಬೆರಳು ದಪ್ಪ ಇಲ್ಲಣ. ಒಳಗೂ ಸಂದಿಯಿಂದ ಹೊಗೆ ಸೇರಿತ್ತು. ಪುಸ್ತಕಗಳ ಅಂಚು ಕಾಫಿ ಪುಡಿಯ ಬಣ್ಣ. ಆದರೆ ಆಶ್ಚರ್ಯ, ಒಂದು ಹುಳವಿಲ್ಲ, ಬೂಷ್ಟಿಲ್ಲ. ಮಲೆನಾಡಿನಲ್ಲಿ ಐವತ್ತು ಮಳೆಗಾಲ ದಾಟಿದ ಕಾಗದ! ಹೊಗೆ ಮತ್ತು ಬಿಸಿ ಎರಡೂ ಸೇರಿ ಅದನ್ನು ಒಣಗಿಸಿ ಕಾಪಾಡಿದ್ದವು. ಅದೇ ಬಿಸಿ ಕಾಗದವನ್ನು ನಿಧಾನವಾಗಿ ಹುರಿದೂ ಇತ್ತು. ಮೂಲೆ ಮಡಚಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು.

11ರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದು: ‘ಸ್ವಾಂಪ್ ಥಿಂಗ್’ ಮೊದಲ ಸಂಚಿಕೆ, 1972ರ ಅಕ್ಟೋಬರ್-ನವೆಂಬರ್. ಬರೆದವರು ಲೆನ್ ವೀನ್, ಚಿತ್ರ ಬರ್ನಿ ರೈಟ್‌ಸನ್. ಲೂಸಿಯಾನಾದ ಜವುಗಿನ ಪಕ್ಕ ಒಂದು ಕೊಟ್ಟಿಗೆಯಲ್ಲಿ ಪ್ರಯೋಗಶಾಲೆ. ಅಲೆಕ್ ಹಾಲಂಡ್ ಎಂಬ ವಿಜ್ಞಾನಿ ಗಿಡಗಳನ್ನು ಬೇಗ ಬೆಳೆಸುವ ದ್ರಾವಣ ತಯಾರು ಮಾಡುತ್ತಿರುತ್ತಾನೆ. ಬಾಂಬು ಸಿಡಿಯುತ್ತದೆ. ಮೈಗೆ ಬೆಂಕಿ ಹತ್ತಿ ಅವನು ಜವುಗಿಗೆ ಓಡುತ್ತಾನೆ. ಆಮೇಲೆ ನೀರಿನಿಂದ ಎದ್ದು ಬರುವುದು ಅವನಲ್ಲ. ಬಾಲ್ಯದಲ್ಲಿ ಇಂಗ್ಲಿಷ್ ಬಾರದಿದ್ದಾಗಲೂ ನಾನು ಈ ಪುಟಗಳನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕೆಸರು ಗದ್ದೆಯ ಪಕ್ಕ ಬೆಳೆದವನಿಗೆ ಆ ಚಿತ್ರ ದೂರದ್ದು ಅನ್ನಿಸುವುದೇ ಇಲ್ಲ.

ಆಗಸ್ಟ್ 6. ಏನೇನು ಹಾಳಾಗಿದೆ

ಅಳತೆ: ಸುಮಾರು 17 ಸೆಂ.ಮೀ. ಅಗಲ, 26 ಸೆಂ.ಮೀ. ಉದ್ದ. ಒಳಗೆ 32 ಪುಟ, ಅಂದರೆ ನಡುವೆ ಮಡಚಿದ 8 ಹಾಳೆ. ಮೇಲೆ ಹೊಳಪಿನ ಮುಖಪುಟದ ಹಾಳೆ ಒಂದು. ಎರಡು ಪಿನ್ನು.

ಬೆನ್ನು ಕೆಳಗಿನಿಂದ 11 ಸೆಂ.ಮೀ. ಸೀಳಿತ್ತು. ಮುಖಪುಟದ ಕೆಳಗಿನ ಬಲ ಮೂಲೆ ಇಲ್ಲ, ಹೆಚ್ಚು ಕಡಿಮೆ ಎರಡೂವರೆ ಸೆಂ.ಮೀ. ತುಂಡು. ಒಳಗೆ 7 ಹರಕು, ಎಲ್ಲಕ್ಕಿಂತ ಉದ್ದದ್ದು 9 ಸೆಂ.ಮೀ. ಕೆಳಗಿನ ಪಿನ್ನು ತುಕ್ಕು ಹಿಡಿದು ಸುತ್ತಲೂ ಕಂದು ಕಲೆ. ಎರಡು ಕಡೆ ಹಳೆಯ ಗಮ್ ಟೇಪು, ಒಂದು ಆ ಬೆಂಕಿಯ ಪುಟದ ಮೇಲೆಯೇ. ಇನ್ನೊಂದು ಮುಖಪುಟದ ಒಳಬದಿಯಲ್ಲಿ.

ಭೂತಗನ್ನಡಿ ಇಟ್ಟು ನೋಡಿದೆ. ಬಣ್ಣವೆಲ್ಲ ಚುಕ್ಕೆ. ಆಗಿನ ಅಮೆರಿಕನ್ ಕಾಮಿಕ್ಸ್‌ನಲ್ಲಿ ಹಳದಿ, ಕೆಂಪು, ನೀಲಿ ಮೂರೇ ಶಾಯಿ, ಪ್ರತಿಯೊಂದೂ ಮೂರು ಗಾಢತೆಯಲ್ಲಿ. ಹಾಕದೆ ಬಿಟ್ಟ ಜಾಗವನ್ನೂ ಸೇರಿಸಿದರೆ ಒಟ್ಟು 64 ಬಣ್ಣ. ಅದರ ಮೇಲೆ ಕಪ್ಪು. ನನಗೆ ಇದು ಕೆಲಸಕ್ಕೆ ಬೇಕಾದ ವಿಷಯ. ಮೇಲಿಂದ ಬಣ್ಣ ತೀಡಿದರೆ ಚುಕ್ಕೆಗಳ ನಡುವೆ ಅದು ಬಣ್ಣ ಬಳಿದ ತೇಪೆಯಾಗಿ ಎದ್ದು ಕಾಣುತ್ತದೆ. ಹಾಗಾಗಿ ಅವತ್ತೇ ತೀರ್ಮಾನಿಸಿದೆ: ಬಣ್ಣ ಹಚ್ಚುವುದಿಲ್ಲ, ಗೆರೆ ಎಳೆಯುವುದಿಲ್ಲ.

ಇನ್ನೊಂದು ಮಾತು. ಇದನ್ನು ಮಾರುವ ಯೋಚನೆ ನಮಗಿಲ್ಲ. ಮಾರುವವರು ಮನೆಯಲ್ಲಿ ಕೈ ಹಾಕಲೇಬಾರದು. ಕಲಿಯದವರು ಮಾಡಿದ ರಿಪೇರಿ ಬೆಲೆ ಇಳಿಸುತ್ತದೆ, ಹೇಳದೆ ಮಾರಿದರೆ ಮೋಸವೂ ಆಗುತ್ತದೆ. ನಮಗೆ ಬೇಕಿದ್ದದ್ದು ಚಿಕ್ಕಪ್ಪ ಕೈಯಲ್ಲಿ ಹಿಡಿದು ಓದುವ ಹಾಗಾಗುವುದು.

ಆಗಸ್ಟ್ 10ರಿಂದ 18. ಮೊದಲ ತಪ್ಪು: ಮಳೆಗಾಲ ಮತ್ತು ಮೈದಾ

ಪುಣ್ಯಕ್ಕೆ ಮೊದಲು ಸ್ವಾಂಪ್ ಥಿಂಗ್ ಮುಟ್ಟಲಿಲ್ಲ. ಟ್ರಂಕಿನಲ್ಲಿ ‘ವೇರ್ ಮಾನ್‌ಸ್ಟರ್ಸ್ ಡ್ವೆಲ್’ನ ಮುಖಪುಟವಿಲ್ಲದ ಒಂದು ಸಂಚಿಕೆ ಇತ್ತು. 1970ರ ದಶಕದಲ್ಲಿ ಮಾರ್ವೆಲ್ ಪ್ರಕಾಶನದವರು ತಮ್ಮ ಹಳೆಯ ದೈತ್ಯರ ಕಥೆಗಳನ್ನು ಮರುಮುದ್ರಿಸುತ್ತಿದ್ದ ಸರಣಿ ಅದು. ಅದರ ಮೇಲೆ ಕೈ ಪಳಗಿಸೋಣ ಅಂದುಕೊಂಡೆ.

ಶಾಲೆಯಲ್ಲಿ ಬೈಂಡು ಹಾಕಲು ಅಮ್ಮ ಮಾಡಿಕೊಡುತ್ತಿದ್ದ ಹಾಗೆ ಮೈದಾ ಅಂಟು ಕಾಯಿಸಿದೆ. ಎರಡು ಚಮಚ ಮೈದಾ, ಒಂದು ಲೋಟ ನೀರು. ಹರಕು ಮುಚ್ಚಲು ಬಳಸುವ ತೆಳು, ಉದ್ದ ನಾರಿನ ಜಪಾನಿ ಕಾಗದ ಇನ್ನೂ ಬಂದಿರಲಿಲ್ಲ, ಟಿಶ್ಯೂ ಪೇಪರಿನ ಪಟ್ಟಿ ಕತ್ತರಿಸಿ ಮೂರು ಹರಕಿಗೆ ಅಂಟಿಸಿದೆ. ಅಂಟು ತೆಳುವಾಯಿತು, ನೀರು ಜಾಸ್ತಿ. ಕಾಗದ ನೆನೆದು ಅಲೆ ಅಲೆಯಾಗಿ ಉಬ್ಬಿತು. ಒಣಗಿದ ಮೇಲೆ ತೇವ ನಿಂತಿದ್ದ ಗೆರೆಯುದ್ದಕ್ಕೂ ಕಂದು ಕಲೆ. ಹಳೆಯ ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಕೊಳೆತ ಅಂಶ ತುಂಬಿರುತ್ತದೆ. ನೀರು ಅದನ್ನು ತಳ್ಳಿಕೊಂಡು ಹೋಗಿ ಒದ್ದೆ ಮುಗಿಯುವ ಅಂಚಿನಲ್ಲಿ ಬಿಡುತ್ತದೆ. ಈ ಕಲೆ ಹೋಗುವುದಿಲ್ಲ.

ನಾಲ್ಕನೇ ದಿನ ಅಂಟಿಸಿದ ಮೂರೂ ಕಡೆ ಬೂಷ್ಟು. ಆಮೇಲೆ 480 ರೂಪಾಯಿ ಕೊಟ್ಟು ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ತರಿಸಿ ಕೋಣೆಯಲ್ಲಿಟ್ಟೆ. ಶೇ. 88 ತೋರಿಸಿತು. ಐವತ್ತು ವರ್ಷ ಹೊಗೆಯಲ್ಲಿ ಬೆಚ್ಚಗಿದ್ದ ಕಾಗದವನ್ನು ಆಗಸ್ಟ್‌ನಲ್ಲಿ ಕೆಳಗಿಳಿಸಿ, ಮೇಲಿಂದ ಹಿಟ್ಟಿನ ಅಂಟು ಬಳಿದಿದ್ದೆ.

ಪೇಟೆಯಲ್ಲಿ ಲೆಕ್ಕದ ಪುಸ್ತಕ ಬೈಂಡ್ ಮಾಡುವ ಹಿರಿಯರೊಬ್ಬರನ್ನು ಕೇಳಿದೆ. “ಮೈಲುತುತ್ತ ಹಾಕಿ ಕಾಯಿಸಿ, ಹುಳನೂ ಬರಲ್ಲ ಬೂಷ್ಟೂ ಬರಲ್ಲ” ಅಂದರು. ಅವರ ಕೆಲಸಕ್ಕೆ ಆ ಮಾತು ಸರಿಯೇ, ನಲವತ್ತು ವರ್ಷದಿಂದ ಹಾಗೇ ಮಾಡುತ್ತಿದ್ದಾರೆ. ನಮ್ಮ ಮನೆಯಲ್ಲಿ ಅಡಿಕೆ ಕೊಳೆರೋಗದ ಔಷಧಿಗೆ ತಂದ ಮೈಲುತುತ್ತ ಮೂಟೆಗಟ್ಟಲೆ ಇರುತ್ತದೆ. ಒಂದು ಚಿಟಿಕೆ ಹಾಕಿದೆ. ಬೂಷ್ಟು ಬರಲಿಲ್ಲ ನಿಜ. ಅಂಟಿಗೆ ತಿಳಿ ನೀಲಿ-ಹಸಿರು ಬಣ್ಣ ಬಂತು, ಪುಟದ ಅಂಚಿನಲ್ಲಿ ಉಳಿಯಿತು. ಅದಕ್ಕಿಂತ ದೊಡ್ಡ ತೊಂದರೆ ಆಮೇಲೆ ಓದಿ ತಿಳಿದದ್ದು: ಮೈಲುತುತ್ತದ ತಾಮ್ರ ಕಾಗದದ ನಾರನ್ನು ಬೇಗ ಪುಡಿಯಾಗಿಸುತ್ತದೆ. ದಪ್ಪ ಲೆಜರ್ ಪುಸ್ತಕದ ರಟ್ಟಿಗೆ ನಡೆಯುತ್ತದೆ. ಮೊದಲೇ ಸೊರಗಿದ ನ್ಯೂಸ್‌ಪ್ರಿಂಟಿಗೆ ನಡೆಯುವುದಿಲ್ಲ. ಆ ಪಟ್ಟಿಗಳನ್ನು ಒದ್ದೆ ಹತ್ತಿಯಿಂದ ನೆನೆಸಿ ತೆಗೆಯಲು ಎರಡು ದಿನ ಹಿಡಿಯಿತು. ಒಂದು ಪುಟದ ಅಂಚು ಪೂರ್ತಿ ಹೋಯಿತು.

ಆಗಸ್ಟ್ 25. ಎರಡನೇ ತಪ್ಪು: ಹೇರ್ ಡ್ರೈಯರ್

ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಬೆಂಕಿಯ ಪುಟದ ಮೇಲಿನ ಟೇಪು ಒಣಗಿ ಹಳದಿಯಾಗಿತ್ತು, ಒಂದು ಮೂಲೆ ತಾನಾಗಿಯೇ ಎದ್ದಿತ್ತು. ಬಿಸಿ ಮಾಡಿದರೆ ಸುಲಭವಾಗಿ ಬರುತ್ತದೆ ಅಂತ ಎಲ್ಲೋ ಕೇಳಿದ್ದೆ. ಹೇರ್ ಡ್ರೈಯರ್ ಹಿಡಿದೆ. ಮೊದಲ ಎರಡು ಸೆಂ.ಮೀ. ಚೆನ್ನಾಗಿ ಬಂತು. ಧೈರ್ಯ ಬಂದು ಎಳೆದೆ. ಬಿಸಿ ತಟ್ಟದ ಜಾಗದಲ್ಲಿ ಅಂಟು ಗಟ್ಟಿಯಾಗೇ ಇತ್ತು. ಟೇಪಿನ ಜೊತೆ ಕಾಗದದ ಮೇಲ್ಪದರ ಎದ್ದು ಬಂತು, ಅದರ ಜೊತೆಗೆ ಚೌಕಟ್ಟಿನಲ್ಲಿದ್ದ ಎರಡು ಪದ ಮತ್ತು ರೈಟ್‌ಸನ್ ಎಳೆದ ಕಪ್ಪು ಗೆರೆಗಳ ಒಂದು ತುಂಡು. ಸುಮಾರು 14 ಮಿ.ಮೀ. ಉದ್ದ, 6 ಮಿ.ಮೀ. ಅಗಲ.

ಟೇಪನ್ನು ಬೆಳಕಿಗೆ ಹಿಡಿದು ನೋಡಿದೆ. ಅಕ್ಷರ ಅದರಲ್ಲಿ ಅಂಟಿಕೊಂಡಿತ್ತು, ತಿರುಗುಮುರುಗಾಗಿ. ಮತ್ತೆ ಅಂಟಿಸಲು ನೋಡಿದೆ. ಪುಡಿಯಾಯಿತು.

ಎಲ್ಲ ಮುಚ್ಚಿಟ್ಟೆ. ಅಮ್ಮ ಅಂದಳು, “ಮಳೆ ಮುಗೀಲಿ, ಅಡಿಕೆ ಕೊಯ್ಲು ಮುಗೀಲಿ. ಆಮೇಲೆ ನೋಡು. ಈಗ ಮುಟ್ಟಬೇಡ.” ಕೇಳಿದೆ. ಪುಸ್ತಕಗಳನ್ನು ಬಟರ್ ಪೇಪರಿನಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಸ್ಟೀಲ್ ಡಬ್ಬಿಯಲ್ಲಿಟ್ಟೆ.

ಡಿಸೆಂಬರ್ 15. ಇಲ್ಲಣ ತೆಗೆದದ್ದು

ಹೈಗ್ರೋಮೀಟರ್ 57. ಬೆಳಗ್ಗೆ ಚಳಿ, ಹನ್ನೊಂದಕ್ಕೆ ಒಳ್ಳೇ ಬಿಸಿಲು. ಕೆಲಸಕ್ಕೆ ಇದೇ ಕಾಲ.

ಹೊಗೆಯ ಕರಿ ತೆಗೆಯಲು ಸ್ಮೋಕ್ ಸ್ಪಂಜ್ ಅಂತ ಸಿಗುತ್ತದೆ, ಒರಟು ರಬ್ಬರಿನ ಇಟ್ಟಿಗೆಯ ಹಾಗಿರುತ್ತದೆ, 650 ರೂ. ಕೊಟ್ಟೆ. ನೀರು ಬೇಡ. ಸಣ್ಣ ತುಂಡು ಕತ್ತರಿಸಿಕೊಂಡು ಒಂದೇ ದಿಕ್ಕಿಗೆ, ನಡುವಿನಿಂದ ಅಂಚಿಗೆ, ಒತ್ತದೆ ಎಳೆಯಬೇಕು. ಹಿಂದೆ ಮುಂದೆ ಉಜ್ಜಿದರೆ ಅಂಚು ಹರಿಯುತ್ತದೆ. ಮೊದಲು ಮೆತ್ತನೆಯ ಬ್ರಷ್ಷಿನಿಂದ ಸಡಿಲ ಧೂಳು ತೆಗೆದೆ. ಒಂದು ಪುಟಕ್ಕೆ ಏಳೆಂಟು ನಿಮಿಷ. 32 ಪುಟ ಮತ್ತು ಮುಖಪುಟಕ್ಕೆ ಮೂರು ಸಂಜೆ ಹೋಯಿತು. ಸ್ಪಂಜು ಕಪ್ಪಾದಾಗ ಆ ಮುಖ ಕತ್ತರಿಸಿ ಎಸೆಯುತ್ತಾ ಹೋದೆ.

ಕರಿ ಹೋಯಿತು. ಕಂದು ಹೋಗಲಿಲ್ಲ, ಅದು ಹೋಗುವುದೂ ಇಲ್ಲ. ಅದು ಕೊಳೆಯಲ್ಲ, ಕಾಗದವೇ ಹಾಗಾಗಿದೆ. ಬ್ಲೀಚ್ ಹಾಕಿ ಬಿಳಿ ಮಾಡುವವರಿದ್ದಾರೆ. ನಾನು ಆ ದಾರಿಗೆ ಹೋಗಲಿಲ್ಲ, ಹೋಗಬೇಡಿ ಅಂತಲೂ ಹೇಳುತ್ತೇನೆ. ಬಿಳಿಯಾದ ಕಾಗದ ಇನ್ನೂ ಬೇಗ ಮುರಿಯುತ್ತದೆ.

ಮುಖಪುಟ ಒರೆಸುವಾಗ ಕಾಮಿಕ್ಸ್ ಕೋಡ್ ಮುದ್ರೆ ಸ್ಪಷ್ಟವಾಗಿ ಕಾಣಿಸಿತು. ಅಂಚೆಚೀಟಿಯಂಥ ಸಣ್ಣ ಚಿತ್ರ. 1954ರಲ್ಲಿ ಅಮೆರಿಕದ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ನಿಯಮ ಅದು. ಭಯಾನಕ ಕಾಮಿಕ್ಸ್ ವಿರುದ್ಧ ಅಲ್ಲಿನ ಸೆನೆಟ್ ವಿಚಾರಣೆವರೆಗೆ ಗಲಾಟೆಯಾಗಿತ್ತು. ತೋಳ-ಮನುಷ್ಯ, ರಕ್ತ ಹೀರುವವರು, ಎದ್ದು ನಡೆಯುವ ಹೆಣ ಎಲ್ಲ ನಿಷೇಧ. 1971ರಲ್ಲಿ ನಿಯಮ ಸಡಿಲಾಯಿತು, ತೋಳ-ಮನುಷ್ಯನೂ ರಕ್ತ ಹೀರುವವನೂ ವಾಪಸ್ ಬಂದರು. ಮುಂದಿನ ವರ್ಷವೇ ಮಾರ್ವೆಲ್‌ನ ‘ವೇರ್‌ವುಲ್ಫ್ ಬೈ ನೈಟ್’ ಶುರು. ಚಿಕ್ಕಪ್ಪ ಅಲ್ಲಿಗೆ ಹೋದದ್ದು ಸರಿಯಾಗಿ ನಿಯಮ ಸಡಿಲಾದ ವರ್ಷ. ಮೂರು ವರ್ಷ ಮೊದಲು ಹೋಗಿದ್ದರೆ ನಮ್ಮ ಟ್ರಂಕಿನಲ್ಲಿ ಬೇರೆಯೇ ಪುಸ್ತಕಗಳು ಇರುತ್ತಿದ್ದವು.

ಡಿಸೆಂಬರ್ 22. ಗೋಧಿ ಹಾಲಿನ ಅಂಟು

ಈ ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಹಂತ ಇದು.

ಹಳೇ ಕಾಗದ ರಿಪೇರಿಗೆ ಗೋಧಿ ಪಿಷ್ಟದ ಅಂಟು ಬಳಸುತ್ತಾರೆ. ಮೈದಾ ಅಲ್ಲ. ಮೈದಾದಲ್ಲಿ ಜಿಗುಟು ಅಂಶ ಇರುತ್ತದೆ, ಅದು ಕಾಲ ಕಳೆದಂತೆ ಹಳದಿಯಾಗಿ ಗಡುಸಾಗುತ್ತದೆ. ಶುದ್ಧ ಪಿಷ್ಟ ತರಿಸಲು ನೋಡಿದೆ. ವಿದೇಶದಿಂದ ಬರಬೇಕು, ಕಳಿಸುವ ಖರ್ಚೇ ದುಬಾರಿ. ಅಮ್ಮನಿಗೆ ಹೇಳಿದಾಗ, “ಅದು ಗೋಧಿ ಹಾಲು ಅಲ್ವಾ? ಹಲ್ವಕ್ಕೆ ತೆಗೀತೀವಲ್ಲ” ಅಂದಳು. ಹೌದು, ಅದೇ!

ಅರ್ಧ ಕೆಜಿ ಗೋಧಿ, 30 ರೂ. ಎರಡು ರಾತ್ರಿ ನೆನೆಸಿ, ದಿನಾ ನೀರು ಬದಲಿಸಿ, ರುಬ್ಬಿ, ಬಿಳಿ ಪಂಚೆಯಲ್ಲಿ ಹಿಂಡಿದೆವು. ಹಾಲನ್ನು ಪಾತ್ರೆಯಲ್ಲಿ ಬಿಟ್ಟು ಅಡಿಯಲ್ಲಿ ಕೂತದ್ದನ್ನು ಉಳಿಸಿ ಮೇಲಿನ ನೀರು ಚೆಲ್ಲುವುದು. ಹಲ್ವಕ್ಕೆ ಇಷ್ಟು ಸಾಕು. ಅಂಟಿಗೆ ನಾನು ಇದನ್ನೇ ಐದು ಸಲ ಮಾಡಿದೆ, ಮೇಲಿನ ನೀರು ತಿಳಿಯಾಗಿ ಬರುವವರೆಗೆ. ಅಡಿಯಲ್ಲಿ ಎರಡು ಪದರ ಕೂರುತ್ತದೆ. ಮೇಲಿನದು ಬೂದು ಬಣ್ಣ, ಲೋಳೆ. ಅದನ್ನು ಚಮಚದಿಂದ ಕೆರೆದು ತೆಗೆದೆ. ಕೆಳಗಿನ ಬಿಳಿ ಪದರ ಮಾತ್ರ ಬೇಕು. ತಟ್ಟೆಯಲ್ಲಿ ಹರಡಿ ಒಣಗಿಸಿದೆ. 160 ಗ್ರಾಂ ಸಿಕ್ಕಿತು.

ಒಂದು ಭಾಗ ಪಿಷ್ಟಕ್ಕೆ ಐದು ಭಾಗ ಶುದ್ಧ ನೀರು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಒಂದು ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ 35 ನಿಮಿಷ ಕೈ ಬಿಡದೆ ತಿರುಗಿಸಿದೆ. ಮೊದಲು ಹಾಲು, ಆಮೇಲೆ ಗಟ್ಟಿ, ಕೊನೆಗೆ ಕನ್ನಡಿಯ ಹಾಗೆ ಅರೆಪಾರದರ್ಶಕ. ತಣಿಸಿ ನೈಲಾನ್ ಜರಡಿಯಲ್ಲಿ ಮೂರು ಸಲ ಒತ್ತಿ ತೆಗೆದೆ. ಬೆಣ್ಣೆಯ ಹಾಗಾಯಿತು. ಬೇಕಾದಷ್ಟೇ ತೆಗೆದುಕೊಂಡು ನೀರು ಬೆರೆಸಿ ಮಜ್ಜಿಗೆಯಷ್ಟು ತೆಳು ಮಾಡಿಕೊಳ್ಳುವುದು. ಫ್ರಿಜ್ಜಿನಲ್ಲಿ ಐದು ದಿನ ಇಟ್ಟೆ, ಆರನೇ ದಿನ ಹುಳಿ ವಾಸನೆ ಬಂತು, ಚೆಲ್ಲಿದೆ. ಏನೂ ಬೆರೆಸುವುದಿಲ್ಲ. ಮೈಲುತುತ್ತವೂ ಇಲ್ಲ, ಲವಂಗದ ಎಣ್ಣೆಯೂ ಇಲ್ಲ.

ಡಿಸೆಂಬರ್ 28ರಿಂದ ಜನವರಿ 5. ಹರಕುಗಳು

ಜಪಾನಿ ಕಾಗದ ಎರಡು ದಪ್ಪದ್ದು ತರಿಸಿದ್ದೆ. ಚದರ ಮೀಟರಿಗೆ 5 ಗ್ರಾಂನದು ಒಂದು ಹಾಳೆ, 9 ಗ್ರಾಂನದು ಒಂದು ಹಾಳೆ, ಸೇರಿ 1,150 ರೂ. 5 ಗ್ರಾಂನದನ್ನು ಉಸಿರು ಬಿಗಿ ಹಿಡಿದೇ ಮುಟ್ಟಬೇಕು.

ಕತ್ತರಿ ಹಾಕುವ ಹಾಗಿಲ್ಲ. ಒದ್ದೆ ಬ್ರಷ್ಷಿನಿಂದ ಗೆರೆ ಎಳೆದು, ಗೆರೆಯಲ್ಲಿ ನಿಧಾನ ಎಳೆದರೆ ಹರಿಯುತ್ತದೆ, ಅಂಚಿನಲ್ಲಿ ಉದ್ದ ಉದ್ದ ನಾರು ಉಳಿಯುತ್ತದೆ. ಆ ನಾರೇ ಹಿಡಿಯುವುದು. ಪಟ್ಟಿ 6 ಮಿ.ಮೀ. ಅಗಲ. ಗಾಜಿನ ಮೇಲೆ ಪಟ್ಟಿ ಇಟ್ಟು ಅಂಟು ಹಚ್ಚಿ, ಒಣ ಬ್ಲಾಟಿಂಗ್ ಪೇಪರಿನ ಮೇಲೆ ಐದು ಸೆಕೆಂಡ್ ಇಟ್ಟು ಹೆಚ್ಚಿನ ನೀರು ಹೀರಿಸಿ, ಆಮೇಲೆ ಚಿಮಟದಿಂದ ಎತ್ತಿ ಹರಕಿನ ಮೇಲೆ ಕೂರಿಸಿದೆ. ಈ ಐದು ಸೆಕೆಂಡ್‌ನಿಂದಾಗಿಯೇ ಕಂದು ಗೆರೆ ಬರಲಿಲ್ಲ. ಆಗಸ್ಟ್‌ನಲ್ಲಿ ನನಗೆ ಗೊತ್ತಿಲ್ಲದ್ದು ಇಷ್ಟೇ.

ಮೇಲೆ ಬಟರ್ ಪೇಪರ್, ಬ್ಲಾಟಿಂಗ್ ಪೇಪರ್, ಗಾಜಿನ ತುಂಡು, ಅದರ ಮೇಲೆ ಒಂದು ಕೆಜಿ ತೂಕದ ಬಟ್ಟು. ಹತ್ತು ನಿಮಿಷಕ್ಕೆ ಬ್ಲಾಟಿಂಗ್ ಬದಲು. ಮತ್ತೆ ಒಂದು ರಾತ್ರಿ. ಏಳು ಹರಕಿಗೆ ಎಂಟು ದಿನ. ಎರಡನೇ ಪಟ್ಟಿಯನ್ನು ಬಟರ್ ಪೇಪರ್ ಎತ್ತಿಕೊಂಡು ಬಂತು. ಮೇಣವಿಲ್ಲದ ಬಟರ್ ಪೇಪರ್ ಅಂಟಿಗೆ ಹಿಡಿದುಕೊಳ್ಳುತ್ತದೆ. ಆಮೇಲೆ ಟೈಲರ್ ಅಂಗಡಿಯಿಂದ ಅಂಟು ಹಚ್ಚಿರದ ತೆಳು ಪಾಲಿಯೆಸ್ಟರ್ ಬಟ್ಟೆ ತಂದು ನಡುವೆ ಇಟ್ಟೆ, ತೊಂದರೆಯಾಗಲಿಲ್ಲ.

ಪಟ್ಟಿ ಅಂಟಿಸುವುದು ಯಾವ ಬದಿಗೆ ಅನ್ನುವುದು ಪ್ರತಿ ಸಲವೂ ಯೋಚನೆ. ಎರಡೂ ಕಡೆ ಚಿತ್ರವಿದೆ. ಕಪ್ಪು ಕಡಿಮೆ ಇರುವ ಕಡೆ ಅಂಟಿಸಿದೆ. ಕಪ್ಪಿನ ಮೇಲೆ ಜಪಾನಿ ಕಾಗದ ಮಂಜು ಮುಸುಕಿದ ಹಾಗೆ ಕಾಣುತ್ತದೆ. ರೈಟ್‌ಸನ್ ಪುಟದಲ್ಲಿ ಕಪ್ಪು ಕಡಿಮೆ ಇರುವ ಜಾಗ ಹುಡುಕುವುದು ಕಷ್ಟ. ಮರದ ಬೇರು, ನೆರಳು, ಮಳೆ, ಎಲ್ಲ ಗಾಢ.

ಜನವರಿ 11. ಎರಡನೇ ಟೇಪು

ಈ ಸಲ ಡ್ರೈಯರ್ ಇಲ್ಲ. ಮುಖಪುಟದ ಒಳಬದಿಯ ಟೇಪಿನ ಪ್ಲಾಸ್ಟಿಕ್ ಒಣಗಿ ತಾನೇ ಎದ್ದಿತ್ತು. ಬಿದಿರಿನ ತೆಳು ಚಕ್ಕೆಯೊಂದನ್ನು ಮರಳು ಕಾಗದದಲ್ಲಿ ಉಜ್ಜಿ ನಯ ಮಾಡಿ, ಅಡಿಗೆ ತೂರಿಸಿ, ದಿನಕ್ಕೆ ಒಂದೂವರೆ ಸೆಂ.ಮೀ.ನಂತೆ ನಾಲ್ಕು ದಿನದಲ್ಲಿ ತೆಗೆದೆ. ಕೆಳಗೆ ಜಿಗುಟು ಅಂಟು ಉಳಿಯಿತು.

ಅದಕ್ಕೆ ಕ್ರೇಪ್ ರಬ್ಬರ್. ಚಪ್ಪಲಿ ರಿಪೇರಿ ಮಾಡುವವರ ಹತ್ತಿರ ಅಂಗಾಲಿಗೆ ಹಾಕುವ ಕ್ರೇಪ್ ಹಾಳೆಯ ತುಂಡು ಸಿಗುತ್ತದೆ, 20 ರೂ. ಕೊಟ್ಟೆ. ಉಜ್ಜಬಾರದು, ಒತ್ತಿ ಮೇಲಕ್ಕೆ ಹೊರಳಿಸಬೇಕು. ಅಂಟು ಸಣ್ಣ ಉಂಡೆಯಾಗಿ ಎದ್ದು ಬರುತ್ತದೆ. ಮುಖಪುಟದ ಕಾಗದ ಹೊಳಪಿನದು, ಗಟ್ಟಿ, ಹಾಗಾಗಿ ತಾಳಿಕೊಂಡಿತು. ಒಳಪುಟದ ಮೇಲೆ ಇದನ್ನು ಪ್ರಯತ್ನಿಸಲಿಲ್ಲ. ಟೇಪಿನ ಎಣ್ಣೆ ಇಳಿದ ಹಳದಿ ಚೌಕ ಹಾಗೇ ಉಳಿದಿದೆ.

ಜನವರಿ 18. ಹೋದ ಎರಡು ಪದ

ಮೇಲ್ಪದರ ಕಿತ್ತ ಜಾಗ ತೆಳುವಾಗಿ ಹಿಂದಿನ ಪುಟ ಕಾಣುತ್ತಿತ್ತು. 5 ಗ್ರಾಂ ಕಾಗದವನ್ನು ಆ ಆಕಾರಕ್ಕೇ ಹರಿದು ಎರಡು ಪದರ ಕೂರಿಸಿದೆ. ಅದಕ್ಕೆ ಮೊದಲು ಕಾಗದಕ್ಕೆ ತೆಳು ಅಕ್ರಿಲಿಕ್ ಬಣ್ಣದಲ್ಲಿ ಕಂದು ಕೊಟ್ಟೆ, ಒಣಗಿಸಿ ಬಳಸಿದೆ. ಚಹಾ ಡಿಕಾಕ್ಷನ್ನಿನಲ್ಲಿ ಅದ್ದುವುದು ಸುಲಭ ಅಂತ ಹೇಳುತ್ತಾರೆ. ಚಹಾದಲ್ಲಿ ಹುಳಿ ಅಂಶ (ಆಮ್ಲ) ಇದೆ, ಬೇಡ.

ಚಿಕ್ಕಪ್ಪ ಅಂದು ಮನೆಗೆ ಬಂದಿದ್ದರು. ಎರಡು ಪದ ಹೋಗಿದೆ ಅಂತ ಹೇಳುವ ಧೈರ್ಯ ಅಲ್ಲಿವರೆಗೆ ಬಂದಿರಲಿಲ್ಲ. ಆ ಪುಟ ತೆರೆದು ತೋರಿಸಿದೆ.

“ಚಿಕ್ಕಪ್ಪ, ಇದು ನನ್ನಿಂದ ಆದದ್ದು. ನೀವು ಇಟ್ಟಾಗ ಇದು ಸರಿಯಾಗಿತ್ತು.”

ಕನ್ನಡಕ ಹಣೆಗೇರಿಸಿ ಹತ್ತಿರ ಹಿಡಿದು ನೋಡಿದರು. “ಟೇಪು ಹಚ್ಚಿದ್ದು ನಾನಲ್ವಾ ಮಾರಾಯ,” ಅಂದರು. “ಹಾಸ್ಟೆಲ್‌ನಲ್ಲಿ ಯಾರೋ ಎಳೆದು ಹರಿದಿದ್ದ. ಅವತ್ತು ರಾತ್ರಿನೇ ಹಚ್ಚಿದೆ.”

ಅಕ್ಷರ ಬರೆದುಬಿಡಲಾ ಅಂತ ಕೇಳಿದೆ. ಮರುಮುದ್ರಣದಲ್ಲಿ ನೋಡಿ ಯಾವ ಪದ ಅಂತ ತಿಳಿಯಬಹುದು. ಬೇಡ ಅಂದರು. ಒಂದು ಸಣ್ಣ ಕಾಗದದಲ್ಲಿ ಆ ವಾಕ್ಯ ಪೂರ್ತಿ ಬರೆದು ಪುಟದ ಜೊತೆ ಸಡಿಲವಾಗಿ ಇಟ್ಟಿದ್ದೇನೆ. ಅಂಟಿಸಿಲ್ಲ.

ಜನವರಿ 26. ಪಿನ್ನು ತೆಗೆದು ದಾರ

ಪಿನ್ನನ್ನು ಒಳಗಿನಿಂದ ಬಿಡಿಸಬೇಕು. ನಡುಪುಟ ತೆರೆದು, ಮಡಚಿದ ಕಾಲುಗಳ ಅಡಿಗೆ ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ, ಅದರ ಮೇಲೆ ಮೊಂಡು ಬ್ಲೇಡಿಟ್ಟು ನೆಟ್ಟಗೆ ಮಾಡಿದೆ. ಮೇಲಿನದು ಇಡಿಯಾಗಿ ಬಂತು. ಕೆಳಗಿನದು ಮೂರು ತುಂಡಾಯಿತು. ತುಕ್ಕಿನ ಪುಡಿ ಬ್ರಷ್ಷಿನಲ್ಲಿ ಗುಡಿಸಿದೆ, ಕಲೆ ಹಾಗೇ ಬಿಟ್ಟೆ.

ಮುಖಪುಟ ಬಿಡಿಯಾದಾಗ ಬೆನ್ನು ರಿಪೇರಿ ಮಾಡಿದೆ. ಒಳಬದಿಯಲ್ಲಿ 9 ಗ್ರಾಂ ಕಾಗದ, 2 ಸೆಂ.ಮೀ. ಅಗಲ, ಮೇಲಿನಿಂದ ಕೆಳಗಿನವರೆಗೆ ಒಂದೇ ಪಟ್ಟಿ. ಸೀಳಿದ ಕಡೆಗೆ ಮಾತ್ರ ಅಂಟಿಸಿದರೆ ಆಮೇಲೆ ಅದರ ಪಕ್ಕ ಸೀಳುತ್ತದೆ. ನಾಲ್ಕು ಕೆಜಿ ಗ್ರಾನೈಟ್ ತುಂಡಿನ ಕೆಳಗೆ ಎರಡು ದಿನ.

ಹೊಸ ಪಿನ್ನು ಹಾಕುವ ಮನಸ್ಸಿತ್ತು. ಸ್ಟೇನ್‌ಲೆಸ್ ಪಿನ್ನು ‘ಮಾನ್‌ಸ್ಟರ್ಸ್’ ಪುಸ್ತಕದ ಮೇಲೆ ಹಾಕಿ ನೋಡಿದೆ. ಹಳೆಯ ತೂತಿನ ಅಳತೆಗೆ ಕೂರಲಿಲ್ಲ, ಎರಡು ಹೊಸ ತೂತಾಯಿತು. ಸೊರಗಿದ ಕಾಗದಕ್ಕೆ ಗಟ್ಟಿ ಲೋಹವೇ ಶತ್ರು ಅನ್ನಿಸಿತು. ಕೊನೆಗೆ ಬಿಳಿ ಹತ್ತಿ ದಾರ ಎರಡೆಳೆ, ಹಳೆಯ ನಾಲ್ಕು ತೂತುಗಳಲ್ಲೇ ಹಾಯಿಸಿ, ನಡುಪುಟದಲ್ಲಿ ಸಡಿಲ ಗಂಟು ಹಾಕಿದೆ. ತುಂಬ ಬಿಗಿದರೆ ದಾರವೇ ಕಾಗದ ಕೊಯ್ಯುತ್ತದೆ. ಹಳೆಯ ಪಿನ್ನುಗಳನ್ನು ಸಣ್ಣ ಪೊಟ್ಟಣದಲ್ಲಿ ದಿನಾಂಕ ಬರೆದು ಬೇರೆ ಇಟ್ಟಿದ್ದೇನೆ.

ಫೆಬ್ರವರಿ 2. ಮೂಲೆ

ಮುಖಪುಟದ ಹೋದ ಮೂಲೆಗೆ 9 ಗ್ರಾಂ ಕಾಗದ ನಾಲ್ಕು ಪದರ, ಕಂದು-ಬೂದು ಬಣ್ಣ. ಮೊದಲ ಸಲ ಪದರಗಳು ದಪ್ಪವಾಗಿ ಮೂಲೆ ಮೇಲೆದ್ದಿತು. ಬಿಚ್ಚಿ ಮತ್ತೆ ಮಾಡಿದೆ. ಒದ್ದೆ ಬ್ರಷ್ಷು ತಾಗಿಸಿದರೆ ಐದು ನಿಮಿಷದಲ್ಲಿ ಬಿಟ್ಟು ಬಂತು. ಬಿಚ್ಚಲು ಬರುವ ಅಂಟು ಹಾಕಿದ್ದರಿಂದ ಎರಡನೇ ಅವಕಾಶ ಸಿಕ್ಕಿತು.

ಫೆಬ್ರವರಿ 9. ಇಡುವುದು, ಲೆಕ್ಕ

ಪಾಲಿಯೆಸ್ಟರ್ ಹಾಳೆಯನ್ನು ಮಡಚಿ ಮಾಡಿದ ಹೊದಿಕೆ, ಒಳಗೆ ಹುಳಿಯಿಲ್ಲದ, ಸುಣ್ಣದ ಅಂಶ ಬೆರೆತ ರಟ್ಟು. ಅಂಗಡಿಯ ಮೆತ್ತನೆ ಪಿವಿಸಿ ಕವರ್ ಬೇಡ, ಅದರಿಂದ ಬರುವ ಎಣ್ಣೆ ಶಾಯಿ ಎತ್ತುತ್ತದೆ. ನೆಟ್ಟಗೆ ನಿಲ್ಲಿಸಿ, ಗೋಡೆಗೆ ತಾಗದ ಕಪಾಟಿನಲ್ಲಿ. ಡಾಂಬರು ಗುಳಿಗೆ ಇಲ್ಲ.

ಸ್ಪಂಜು 650, ಜಪಾನಿ ಕಾಗದ 1,150, ಬ್ರಷ್ಷು 220, ಬ್ಲಾಟಿಂಗ್ ಪೇಪರ್ 300, ಹೈಗ್ರೋಮೀಟರ್ 480, ಪಾಲಿಯೆಸ್ಟರ್ ಹಾಳೆ 900, ರಟ್ಟು 1,400, ಕ್ರೇಪ್ 20, ಗೋಧಿ 30. ಒಟ್ಟು 5,150 ರೂ. ರಟ್ಟು, ಹಾಳೆ 11 ಪುಸ್ತಕಕ್ಕೂ ಸಾಕು. ಸಮಯ, ಕೆಟ್ಟ ಆಗಸ್ಟ್ ಬಿಟ್ಟು, 46 ಗಂಟೆ.

ಉಳಿದ ಕೆಲಸ

1974ರ ಒಂದು ‘ಇನ್‌ಕ್ರೆಡಿಬಲ್ ಹಲ್ಕ್’ ಇದೆ, ಸಿಟ್ಟು ಬಂದರೆ ಹಸಿರು ದೈತ್ಯನಾಗುವವನ ಕಥೆ. ಓದುಗರ ಪತ್ರದ ಪುಟದಲ್ಲಿ ಚೌಕಾಕಾರದ ತೂತು. ಆ ವರ್ಷ ಮಾರ್ವೆಲ್‌ನವರು ಕತ್ತರಿಸಿ ಸಂಗ್ರಹಿಸುವ ಚೀಟಿ ಮುದ್ರಿಸುತ್ತಿದ್ದರು, ಚಿಕ್ಕಪ್ಪ ಕತ್ತರಿಸಿದ್ದಾರೆ. ಹಿಂಬದಿಯ ಚೌಕವೂ ಹೋಗಿದೆ. ಅದಕ್ಕೆ ಖಾಲಿ ಜಪಾನಿ ಕಾಗದ ತುಂಬುತ್ತೇನೆ, ಪುಟ ಹರಿಯದಿರಲಿ ಅಂತ. ಹಲ್ಕ್ ಬಗ್ಗೆ ನನಗಿಷ್ಟವಾದ ಒಂದು ವಿಷಯ: 1962ರ ಮೊದಲ ಸಂಚಿಕೆಯಲ್ಲಿ ಅವನು ಬೂದು ಬಣ್ಣದವನು. ಅಚ್ಚಿನಲ್ಲಿ ಆ ಬೂದು ಪುಟದಿಂದ ಪುಟಕ್ಕೆ ಒಂದೇ ಥರ ಬರಲಿಲ್ಲ, ಎರಡನೇ ಸಂಚಿಕೆಗೆ ಹಸಿರಾದ. ಅಗ್ಗದ ಶಾಯಿ, ಅಗ್ಗದ ಕಾಗದ ಸೇರಿ ಕಥೆಯ ದೈತ್ಯನ ಮೈಬಣ್ಣವನ್ನೇ ಬದಲಿಸಿದವು.

ಇನ್ನೊಂದು ‘ವೇರ್‌ವುಲ್ಫ್ ಬೈ ನೈಟ್’. ಅದರ ಮುಖಪುಟವನ್ನು 1996ರಲ್ಲಿ, ಎಂಟನೇ ಕ್ಲಾಸಿನಲ್ಲಿದ್ದಾಗ, ನಾನೇ ಬಿಡಿಸಿಕೊಂಡು ಹೋಗಿ ಪೇಟೆಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದೆ. ಕಾಪಾಡುತ್ತಿದ್ದೇನೆ ಅಂತಲೇ ಮಾಡಿಸಿದ್ದು. ಬಿಸಿ ಅಂಟು ಕಾಗದದೊಳಗೆ ಇಳಿದಿದೆ, ಅಂಚಿನಲ್ಲಿ ಹಳದಿಯಾಗುತ್ತಿದೆ. ಬಿಡಿಸುವ ದಾರಿ ನನ್ನ ಕೈಯಲ್ಲಿಲ್ಲ. ಅದನ್ನು ರಟ್ಟಿನ ನಡುವೆ ಚಪ್ಪಟೆಯಾಗಿ ಇಟ್ಟಿದ್ದೇನೆ, ಇನ್ನು ಮುಟ್ಟುವುದಿಲ್ಲ.

ಫೆಬ್ರವರಿ 23ಕ್ಕೆ ಸ್ವಾಂಪ್ ಥಿಂಗ್ ತೆಗೆದು ನೋಡಿದೆ. ಪಟ್ಟಿಗಳೆಲ್ಲ ಹಿಡಿದಿವೆ, ಬೂಷ್ಟಿಲ್ಲ, ಮೂಲೆ ಚಪ್ಪಟೆಯಾಗಿದೆ. ಮುಖಪುಟದ ಮೇಲ್ತುದಿಯಲ್ಲಿ ನಾನು ನೋಡದೇ ಬಿಟ್ಟ ಒಂದು ಸಣ್ಣ ಹರಕು ಇದೆ, 8 ಮಿ.ಮೀ. ಕಪಾಟಿನೊಳಗೆ ಹೈಗ್ರೋಮೀಟರ್ 54. ಜೂನ್ ಬರುವ ಮೊದಲು ಆ ಹರಕು ಮುಗಿಸಬೇಕು.